ಬಿಸಿ ಹುಳಿಯಲ್ಲಿ ಕಾಲುಂಗುರ

ನಮ್ಮ ಮನೆಯಲ್ಲಿ ನಾನು ಕಡತ ಬಿಚ್ಚಿ ಒಂದು ಮಾತು ಬರೆದರೆ ಸಾಕು, ಅದನ್ನು ಸುಳ್ಳು ಮಾಡಲು ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಕೂಲಿಮಠದಲ್ಲಿ ಓದು ಬರಹ ಕಲಿತು ಬಂದ ಸೊಸೆ ಈ ಶ್ರೀರಂಗಪಟ್ಟಣದ ಅಕ್ಕಸಾಲೆ ಕೇರಿಯಲ್ಲಿ ನಾನೊಬ್ಬಳೇ. ಬರೆಯುವುದನ್ನು ನಾನೇಕೆ ಬಿಡಲಿ?

ಪಂದ್ಯ

ಸಿಂಧಘಟ್ಟದ ಗೌಡರ ಮಗಳ ಮದುವೆಗೆ ಸೊಂಟಕ್ಕೆ ಕಟ್ಟುವ ಬೆಳ್ಳಿ ಡಾಬು ಮಾಡಿದ್ದೆವು. ಮಾರನೆಯ ಬೆಳಿಗ್ಗೆ ಗಾಡಿ ಹೊರಡಬೇಕು. ಡಾಬು ಬೆಂಕಿಯಿಂದ ಬಂದ ಹಾಗೇ ಕಪ್ಪಗಿದೆ. ತಣ್ಣನೆಯ ಹುಣಸೆ ನೀರಿನಲ್ಲಿ ನೆನೆಸಿದರೆ ಬೆಳ್ಳಗಾಗಲು ಎರಡು ದಿನ.

"ಹುಳಿ ಕುದಿಸಿದರೆ ಬೇಗ ಆಗುತ್ತೆ" ಅಂದೆ.

"ಸುಮ್ಕಿರಮ್ಮಿ. ನಮ್ ತಾತ ತಣ್ಣೀರ್ನಾಗೇ ನೆನೆಸ್ತಿದ್ರು. ಡಾಬು ಕೆಟ್ರೆ ಗೌಡ್ರು ನನ್ನೇ ಕುದುಸ್ತಾರೆ!" ಅಂದರು ಯಜಮಾನರು.

ನಸುಕಿನಲ್ಲೇ ಪಂದ್ಯ ಕಟ್ಟಿದೆವು. ನಾನು ಸೋತರೆ ಕಡತ ಒಲೆಗೆ. ಅವರು ಸೋತರೆ ಒಂದು ತಿಂಗಳು ನನ್ನ ಸ್ನಾನದ ನೀರು ಅವರೇ ಕಾಯಿಸಬೇಕು. ಮೊದಲ ಪರೀಕ್ಷೆ ಇನ್ನೂ ಕಪ್ಪಗಿದ್ದ, ಯಾರ ಕಾಲಿಗೂ ಏರದ ಎರಡು ಹೊಸ ಕಾಲುಂಗುರಗಳಿಗೆ.

ತಿದಿ

ಹೊತ್ತು ಅಳೆಯಲು ಭಾವನವರನ್ನು ಕುಲುಮೆಗೆ ಗಾಳಿ ಊದುವ ತಿದಿಯ ಮುಂದೆ ಕೂರಿಸಿ ಒತ್ತು ಎಣಿಸಿದೆ. ಅಂದೇ ಮುಂಜಾನೆ ತಣ್ಣನೆ ಹುಳಿಯ ಸರದಿ. ಭಾವ ಚಳಿಗೆ ದಬದಬ ಒತ್ತಿದರು. ಉಂಗುರದ ಅಂಚು ಬೆಳ್ಳಗಾಗುವಷ್ಟರಲ್ಲಿ ಒಂಬೈನೂರು. ಮಧ್ಯಾಹ್ನ ಬಿಸಿ ಹುಳಿ: ನಲವತ್ತಕ್ಕೇ ಬಿಳಿ! ನಾನು ಕುಣಿದೇಬಿಟ್ಟೆ.

ಯಜಮಾನರು ತಿದಿಯ ಕಡೆ ಬೆರಳು ತೋರಿದರು. ಭಾವ ಗೊರಕೆ ಹೊಡೆಯುತ್ತಿದ್ದರು. ಗೊರಕೆಗೊಂದು ಒತ್ತು.

"ಇದ್ಯಾವ್ ಲೆಕ್ಕ? ನಮ್ಮಣ್ಣ ನಿದ್ದೇಲಿ ಒತ್ತವ್ನೆ!"

ನ್ಯಾಯವೇ. ಕಡತದಲ್ಲಿ ಬರೆದೆ: 'ಬಿಸಿಗೆ ಹುಳಿ ಚುರುಕು, ಭಾವ ಮಂದ.'

ಸಾರು

ಉಂಗುರಗಳನ್ನು ಮತ್ತೆ ಬೆಂಕಿಗಿಟ್ಟು ಕಪ್ಪು ಮಾಡಿದೆವು. ಈ ಸಲ ಎರಡು ಮಡಕೆ ಹುಳಿನೀರು ಒಟ್ಟಿಗೇ, ಒಂದೊಂದರಲ್ಲಿ ಒಂದು ಉಂಗುರ: ಒಂದು ಒಲೆಯ ಮೇಲೆ, ಒಂದು ನೆಲದ ಮೇಲೆ. ಯಾರೂ ಮೋಸ ಮಾಡದಿರಲಿ ಎಂದು ಅತ್ತೆಯವರನ್ನು ಕಾವಲಿಗಿಟ್ಟು, ನಾವಿಬ್ಬರೂ ಜಗಲಿಯಲ್ಲಿ ಮುಖ ತಿರುಗಿಸಿ ಕೂತೆವು.

ಅತ್ತೆ ಊಟಕ್ಕೆ ಕರೆದರು. ಮುದ್ದೆ, ಘಮಘಮ ಸಾರು. ಎರಡನೆಯ ತುತ್ತಿಗೆ ಯಜಮಾನರ ಬಾಯಲ್ಲಿ ಕಟಕ್ ಎಂದಿತು. ಬೆರಳು ಹಾಕಿ ತೆಗೆದರು: ಹಾಲಿನಂಥ ಬಿಳಿ ಕಾಲುಂಗುರ!

"ಅವ್ವಾ, ಏನ್ ಮಾಡ್ಬುಟ್ಟೆ?"

"ಬರೀ ಹುಳಿನೀರು ಸುಮ್ಕೆ ಕುದೀತಿತ್ತು ಕಣ್ಲಾ. ನೋಡಕ್ಕಾಗ್ದೆ ಉಪ್ಪು ಮೆಣಸು ಆಕ್ಬುಟ್ಟೆ. ಉಂಗುರ ಮರ್ತೇ ಓಯ್ತು."

ಓಡಿ ಹೋಗಿ ತಣ್ಣನೆ ಹುಳಿಯ ಮಡಕೆ ನೋಡಿದೆವು. ಅದರ ಉಂಗುರ ಇನ್ನೂ ಇದ್ದಿಲು.

ಯಜಮಾನರು ಎದ್ದು, ದೊಡ್ಡ ಮಡಕೆಯಲ್ಲಿ ಹುಳಿ ಕುದಿಸಿ, ಎರಡೂ ಕೈಯಲ್ಲಿ ಡಾಬು ಇಳಿಬಿಟ್ಟರು. ನಾವು ಎಲೆ ಎತ್ತುವಷ್ಟರಲ್ಲಿ ಅದು ಬೆಳ್ಳಗೆ ನಗುತ್ತಿತ್ತು. ಬೆಳಗಿನ ಗಾಡಿಗೆ ಸಿದ್ಧ. ಕಡತವೂ ಉಳಿಯಿತು.

"ನಾಳೆ ಸ್ನಾನದ ನೀರು ಹದವಾಗಿ ಕಾಯಲಿ" ಅಂದೆ.

ಅವರು ಡಾಬು ಬೆಳಗಿದ ಹುಳಿ ಚೆಲ್ಲಲು ಮಡಕೆ ಎತ್ತಿಕೊಂಡು ಹಿತ್ತಲಿಗೆ ಹೊರಟರು. ಅತ್ತೆ ಸೌಟು ಹಿಡಿದು ಅಡ್ಡ ಬಂದರು:

"ಲೇ ಮಗ, ಚೆಲ್ಬುಟ್ಟೀಯ ಕಣ್ಲಾ! ಒಗ್ಗರಣೆ ಒಂದೇ ಬಾಕಿ!"