ಜಲಪಾತಕ್ಕೆ ಹೋದ ಅತ್ತೆಯ ದಬರಿ

"ಈ ಭಾನುವಾರ ಜಲಪಾತದಲ್ಲಿ ಬಾತುಕೋಳಿ ಸಾರು ನನ್ನದು. ಒಬ್ಬರೂ ಸೌಟು ಮುಟ್ಟಕೂಡದು!" ಎಂದು ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ.

"ತಿನ್ನೋದು ಯಾರು?" ಎಂದಳು ಹೆಂಡತಿ ರಾಜ್‌ದಯೀ.

ಹೋದ ವರ್ಷ ನನ್ನ ಬಾತುಕೋಳಿಯನ್ನು ಒಂದು ಗಂಟೆ ಅಗಿದ ಭಾವಮೈದ ಬಾಯ್ಸಿ, "ಭಾವ, ಇದು ಯಾವ ಲಾರಿ ಟಯರು?" ಎಂದು ಕೇಳಿದ್ದ. ಅವತ್ತಿನಿಂದ ಊರಿಗೆಲ್ಲ ನಾನು ಟಯರ್ ಭಾವ. ನಮ್ಮ ಟ್ರಿನಿಡಾಡಿನಲ್ಲಿ ಜಲಪಾತಕ್ಕೆ ಹೋಗುವುದು ನೀರು ನೋಡುವುದಕ್ಕಲ್ಲ, ಮೂರು ಕಲ್ಲು ಹೂಡಿ ಗಂಡಸರು ಸಾರು ಮಾಡುವುದಕ್ಕೆ. ಅದರಲ್ಲಿ ಸೋತವನಿಗೆ ಮಾಫಿಯೇ ಇಲ್ಲ.

ಈ ಸಲ ಮಾಂಸ ಬೆಣ್ಣೆಯಂತಿರಬೇಕು ಎಂದು ಜೀವಂತ ಬಾತುಕೋಳಿಯನ್ನೇ ಕೊಂಡೆ. ದಬರಿ ಮಾತ್ರ ಅತ್ತೆಯದು. ನಾನೋ ಮನೆಯಳಿಯ, ಕೈಕಟ್ಟಿ ಕೇಳಿದೆ.

"ನನ್ನ ಮದುವೇಲಿ ನಮ್ಮಪ್ಪ ಕೊಟ್ಟಿದ್ದು," ಎಂದರು ಅತ್ತೆ. "ಸಾಯಂಕಾಲ ಈ ದಬರಿ ತಂದೋರಿಗಷ್ಟೇ ಈ ಮನೆ ಬಾಗಿಲು. ತಿಳೀತಾ ಅಳಿಯಂದ್ರೇ?"

ದಾರಿಯಲ್ಲೇ ಮಗಳು ಶರ್ಲೀನ್ ಬಾತುಕೋಳಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟು ಅರ್ಧ ರೊಟ್ಟಿ ತಿನ್ನಿಸಿದ್ದಳು. ಜಲಪಾತದ ಮೇಲಿನ ಬಂಡೆಯ ಮೇಲೆ ಒಲೆ ಹೂಡಿದೆ. ಅತ್ತೆ ಕೆಳಗಿನ ಮಡುವಿನಲ್ಲಿ ಕಾಲು ಇಳಿಬಿಟ್ಟು ಕೂತರು. ಬಾತುಕೋಳಿ ಓಡಿಹೋಗಬಾರದಲ್ಲ, ಅದರ ಕಾಲನ್ನು ದಬರಿಯ ಹಿಡಿಗೆ ಕಟ್ಟಿದೆ. ಇದಕ್ಕಿಂತ ಗಟ್ಟಿ ಗೂಟ ಎಲ್ಲಿದೆ ಎಂಬುದು ನನ್ನ ಲೆಕ್ಕಾಚಾರ.

ಚಾಕು ಎತ್ತಿದೆ. "ಅಪ್ಪಾ, ಕ್ಯಾಪ್ಟನ್!" ಎಂದು ಮಗಳು ಚೀರಿದಳು. ಕ್ಯಾಪ್ಟನ್ ಹೊಳೆಗೆ ಧುಮುಕಿದ. ಹಿಂದೆಯೇ ದಬರಿಯೂ ಧುಮುಕಿತು. ಖಾಲಿ ಅಲ್ಯೂಮಿನಿಯಂ, ಮುಳುಗುವುದೆಲ್ಲಿ? ತೇರೆಳೆದಂತೆ ಎಳೆದುಕೊಂಡು ಹೊರಟ.

ನಾನೂ ಹಾರಿದೆ. ಈಜು ಬರುವುದಿಲ್ಲ ಎಂಬುದು ಹಾರಿದ ಮೇಲೆ ನೆನಪಾಯಿತು. "ಕಾಪಾಡಿ, ಕಾಪಾಡಿ!" ಎಂದು ಬಡಿದಾಡಿದೆ.

"ಎದ್ದು ನಿಂತ್ಕೊಳ್ರೀ," ಎಂದಳು ರಾಜ್‌ದಯೀ ಬಂಡೆಯಿಂದ. "ಮೊಣಕಾಲುದ್ದ ನೀರು."

ಎದ್ದು ನಿಲ್ಲುವಷ್ಟರಲ್ಲಿ ಕ್ಯಾಪ್ಟನ್ ಜಲಪಾತದ ಅಂಚಿನಿಂದ ರೆಕ್ಕೆ ಬಿಚ್ಚಿ ಹಾರಿದ್ದ, ದಬರಿ ಠಣ್ ಠಣ್ ಎನ್ನುತ್ತ ಅವನ ಹಿಂದೆ ಇಳಿದಿತ್ತು. ಮೂವತ್ತೆಂಟು ವರ್ಷದ ದಬರಿ, ಹತ್ತು ವರ್ಷದ ನನ್ನ ಮನೆಯಳಿಯತನ, ಎರಡೂ ಒಟ್ಟಿಗೆ ನೀರುಪಾಲು.

ಉರುಳಿ, ಜಾರಿ ಕೆಳಗೆ ಬಂದರೆ, ಕ್ಯಾಪ್ಟನ್ ಮಡುವಿನಲ್ಲಿ ನಿಧಾನವಾಗಿ ಈಜುತ್ತ, ದಬರಿಯನ್ನು ನೆಟ್ಟಗೆ ಅತ್ತೆಯ ಕಾಲ ಬುಡಕ್ಕೆ ತಂದು ನಿಲ್ಲಿಸುತ್ತಿದ್ದ. ಅತ್ತೆ ದಬರಿಯನ್ನು ಸುತ್ತ ತಿರುಗಿಸಿ ನೋಡಿದರು. ಒಂದು ನೆಗ್ಗೂ ಇರಲಿಲ್ಲ. ದಾರ ಬಿಚ್ಚಿ ಕ್ಯಾಪ್ಟನ್‌ನ ತಲೆ ಸವರಿದರು.

"ಇವನನ್ನ ಕೊಯ್ಯೋರು ಮೊದಲು ನನ್ನ ಕೊಯ್ಯಲಿ."

ಮಧ್ಯಾಹ್ನ ಎಲ್ಲರೂ ರೊಟ್ಟಿಗೆ ಮಾವಿನಕಾಯಿ ಉಪ್ಪಿನಕಾಯಿ ನಂಚಿಕೊಂಡೆವು. "ಹೋದ ವರ್ಷ ಅಗಿಯೋಕೆ ಟಯರಾದ್ರೂ ಇತ್ತು," ಎಂದು ಬಾಯ್ಸಿ ನಿಟ್ಟುಸಿರು ಬಿಟ್ಟ.

ಸಾಯಂಕಾಲ ಅತ್ತೆ ಗಾಡಿಯ ಮುಂದಿನ ಸೀಟಿನಿಂದ ಇಳಿದರು, ಕಂಕುಳಲ್ಲಿ ಕ್ಯಾಪ್ಟನ್. ಹಿಂದೆ ಸೌದೆಯ ಜೊತೆ ಕೂತು ಬಂದ ನಾನು ದಬರಿ ಎತ್ತಿಕೊಂಡು ಓಡಿದೆ. ಅವರು ದಬರಿ ಇಸಿದುಕೊಂಡು ಗೇಟು ಹಾಕಿದರು.

"ಅತ್ತೇ, ನಾನು?"

"ದಬರಿ ತಂದೋರಿಗಷ್ಟೇ ಬಾಗಿಲು ಅಂದಿದ್ನಲ್ಲ? ತಂದೋನು ಒಳಗೆ ಬಂದಾಯ್ತು."

ಅತ್ತೆಯ ಕಂಕುಳಿಂದ ಕ್ಯಾಪ್ಟನ್ ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡಿದ, ಹಳೇ ಅಳಿಯನನ್ನು ಹೊಸ ಅಳಿಯ ನೋಡುವ ಹಾಗೆ.