ಚಿಕ್ಕಮ್ಮನಿಗೆ ನಾನು ಹಾಕಿದ ಅಂಕ

ಕೆಲವು ವಿವರಗಳು ತಪ್ಪಿರಬಹುದು. ಅಂದು ಶನಿವಾರವೋ ಭಾನುವಾರವೋ, ಪ್ರಶ್ನೆಗಳು ಮೂವತ್ತೋ ಮೂವತ್ತೆರಡೋ, ಡೈರಿಯಲ್ಲಿ ಒಂದಿದೆ, ತಲೆಯಲ್ಲಿ ಇನ್ನೊಂದಿದೆ. ಹನ್ನೊಂದು ಅಂಕ ಕೊಟ್ಟಿದ್ದು ಮಾತ್ರ ಖಂಡಿತ. ಅದನ್ನು ಮರೆಯಲು ಕೈಗೊಂಡ ಸಕಲ ಪ್ರಯತ್ನಗಳೂ ವಿಫಲವಾಗಿವೆ.

ನನ್ನ ಸಂಶೋಧನೆ ವಿಜ್ಞಾನ ಶಿಕ್ಷಕರ ಜ್ಞಾನದ ಬಗ್ಗೆ. ಅದನ್ನು ಅಳೆಯಲು ಒಂದು ಪರೀಕ್ಷೆ ಬೇಕಿತ್ತು. "ಮೊದಲು ಏನನ್ನ ಅಳೀಬೇಕು ಅಂತ ತೀರ್ಮಾನ ಮಾಡಿ, ಆಮೇಲೆ ಟೆಸ್ಟ್ ಹುಡುಕಿ" ಎಂದಿದ್ದರು ಗೈಡ್ ಮೇಡಂ. ನಾನು ಬುದ್ಧಿವಂತೆ. ಮೊದಲು ಟೆಸ್ಟ್ ಹುಡುಕಿದೆ! ಹೊರದೇಶದ್ದು, ಹೆಸರುವಾಸಿಯಾದದ್ದು, ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕುವಂಥದ್ದು. ತಿದ್ದಲು ಹತ್ತು ನಿಮಿಷ ಸಾಕು.

ಕನ್ನಡಕ್ಕೆ ಇಳಿಸಿ, ಪ್ರಯೋಗಕ್ಕೆಂದು ಬನಶಂಕರಿ ಪಕ್ಕದ ಚಿಕ್ಕಲಸಂದ್ರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಅವರ ಟೆರೇಸಿಗೆ ಪಾಠಕ್ಕೆ ಬರುತ್ತಿದ್ದರು. ನಾನು ಹತ್ತನೇ ತರಗತಿ ದಾಟಿದ್ದೂ ಆ ಟೆರೇಸಿನ ಕೃಪೆಯಿಂದಲೇ.

"ಸುಮ್ನೆ ಟಿಕ್ ಮಾಡಿ ಚಿಕ್ಕಮ್ಮ, ಇದು ಎಕ್ಸಾಮ್ ಅಲ್ಲ."

"ಪ್ರಿಂಟ್ ಆಗಿ ಬಂದಿದೆ ಅಂದ್ಮೇಲೆ ಎಕ್ಸಾಮೇ ಕಣೇ."

ಸೀರೆ ಬದಲಾಯಿಸಿ, ದೇವರಿಗೆ ಕೈಮುಗಿದು, ಎರಡು ಪೆನ್ನು ಹಿಡಿದು ಊಟದ ಟೇಬಲ್ಲಿಗೆ ಬಂದು ಕೂತರು. ಎದುರಿಗಿದ್ದ ಚಿಕ್ಕಪ್ಪನನ್ನು "ಕಾಪಿ ಮಾಡಿಸ್ತೀರಿ ಅಂತಾರೆ, ಒಳಗೆ ಹೋಗಿ" ಎಂದು ಎಬ್ಬಿಸಿ ಕಳಿಸಿದರು!

ಹನ್ನೆರಡನೇ ಪ್ರಶ್ನೆಗೆ ತಲೆಯೆತ್ತಿದರು. "ರಸ್ತೆ ಮೇಲಿನ ಹಿಮಕ್ಕೆ ಉಪ್ಪು ಯಾಕೆ ಹಾಕ್ತಾರೆ ಅಂತಿದೆ. ಬನಶಂಕರೀಲಿ ಯಾವಾಗ ಹಿಮ ಬಿತ್ತೇ?"

"ಯಾವುದಾದ್ರೂ ಒಂದು ಟಿಕ್ ಮಾಡಿ."

"ಟಿಕ್ ಮಾಡಿದ್ರೆ ಮಗೂಗೆ ಅರ್ಥ ಆಗತ್ತಾ?"

ಆಮೇಲೆ ಟಿಕ್ ಮಾಡುವುದನ್ನೇ ಬಿಟ್ಟು ಮಾರ್ಜಿನ್ನಿನಲ್ಲಿ ಏನೇನೋ ಬರೆಯತೊಡಗಿದರು. ನಾನು ನಿಷ್ಪಕ್ಷಪಾತಿ ಸಂಶೋಧಕಿ. ಟಿಕ್ ಇಲ್ಲದ್ದಕ್ಕೆಲ್ಲ ಸೊನ್ನೆ ಸುತ್ತಿದೆ. ಅದೂ ಕೆಂಪು ಪೆನ್ನಿನಲ್ಲಿ! ಅವರ ಎದುರೇ ಕೂತು!

"ಎಷ್ಟು ಬಂತೇ?" ಎಂದು ಒಳಗಿನಿಂದ ಚಿಕ್ಕಪ್ಪ ಕೂಗಿದರು.

"ಹನ್ನೊಂದು ಚಿಕ್ಕಪ್ಪ!" ಎಂದು ಕೂಗಿ ಹೇಳಿದವಳು ನಾನೇ.

ಚಿಕ್ಕಮ್ಮ ಹಾಳೆ ನೋಡಿ, ಎರಡೂ ಪೆನ್ನುಗಳ ಮುಚ್ಚಳ ಹಾಕಿ, "ಕಾಫಿ ಕುಡೀತೀಯಾ?" ಎಂದರು.

ಮರುವಾರ ಹಾಳೆಯನ್ನು ಗೈಡ್ ಮೇಡಂ ಮುಂದಿಟ್ಟೆ. ಅವರು ಅಂಕದ ಕಡೆ ನೋಡದೆ ಮಾರ್ಜಿನ್ ಓದಿದರು. ತಣ್ಣೀರಿನ ಲೋಟದ ಹೊರಗೆ ಮೂಡುವ ಹನಿಗಳ ಪ್ರಶ್ನೆಯ ಪಕ್ಕದಲ್ಲಿ ಹೀಗಿತ್ತು: 'ಲೋಟ ಸೋರುತ್ತಿದೆ ಎಂದುಕೊಳ್ಳುತ್ತಾರೆ ಮಕ್ಕಳು. ಒಳಗೆ ಬಣ್ಣದ ನೀರು ಹಾಕಿ ತೋರಿಸಬೇಕು. ಹೊರಗಿನ ಹನಿಗೆ ಬಣ್ಣ ಇರುವುದಿಲ್ಲ.'

"ಮಗು ಎಲ್ಲಿ ತಪ್ಪುತ್ತೆ, ಅದನ್ನ ಹೇಗೆ ಸರಿ ಮಾಡ್ಬೇಕು. ನೀವು ಅಳೀಬೇಕಾಗಿದ್ದು ಇದನ್ನೇ ಅಲ್ವೇನ್ರೀ? ಇದಕ್ಕೆ ಸೊನ್ನೆ ಕೊಟ್ಟ ಪುಣ್ಯಾತ್ಮರು ಯಾರು?"

ನಾನು ಕೈಲಿದ್ದ ಕೆಂಪು ಪೆನ್ನನ್ನು ಬ್ಯಾಗಿನೊಳಗೆ ಸೇರಿಸಿದೆ.

ಆ ಭಾನುವಾರ ಚಿಕ್ಕಲಸಂದ್ರಕ್ಕೆ ಓಡಿದೆ. ಟೆರೇಸಿನಲ್ಲಿ ಒಂದು ಮಗುವೂ ಇರಲಿಲ್ಲ. ಚಿಕ್ಕಮ್ಮ ಸಂಡಿಗೆ ಹಾಕುತ್ತಿದ್ದರು.

"ಹನ್ನೊಂದು ತಗೊಂಡೋಳು ಪಾಠ ಮಾಡಬಾರ್ದು ಕಣೇ" ಎಂದರು, ನಗುತ್ತಲೇ.

"ಟೆಸ್ಟೇ ತಪ್ಪು ಚಿಕ್ಕಮ್ಮ. ಆರಿಸಿದ್ದು ನಾನು, ಫೇಲಾಗಿದ್ದೂ ನಾನೇ."

"ಬಿಡೇ. ನಮ್ಮ ಕಾಲದ್ದೆಲ್ಲ ಹಳೇದಾಯ್ತು."

ನಾನೀಗ ಸೂಕ್ತ ಪರೀಕ್ಷೆಯನ್ನು ಆರಿಸುವುದು ಹೇಗೆ ಎಂಬ ಅಧ್ಯಾಯ ಬರೆಯುತ್ತಿದ್ದೇನೆ. ನನಗಿಂತ ಅರ್ಹರು ಯಾರಿದ್ದಾರೆ! ಚಿಕ್ಕಮ್ಮನ ಬರಹವನ್ನೇ ಉದಾಹರಣೆಯಾಗಿ ಕೊಟ್ಟಿದ್ದೇನೆ. ಕೆಂಪು ಶಾಯಿ ಕಾಣದ ಹಾಗೆ ಕತ್ತರಿಸಿ.

ಸಂಡಿಗೆಯ ಬಟ್ಟೆಯ ಇನ್ನೊಂದು ತುದಿ ಹಿಡಿದು ಅಂದು ನಾನು ಕೇಳಿದ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ:

"ಮುಂದಿನ ಭಾನುವಾರ ಮಕ್ಕಳನ್ನ ಬರೋಕೆ ಹೇಳ್ಲಾ ಚಿಕ್ಕಮ್ಮ?"