ಹೆಂಡತಿಯ ಎದುರು ಓಟಿಗೆ ನಿಂತವನು

ಅಮೆರಿಕದ ರಾಜಕೀಯ ಒಂದು ಕಾಲಕ್ಕೆ ದೇವದುರ್ಗದ ನಮ್ಮ ಓಣಿಯಿಂದ ನಡೆಯುತ್ತಿತ್ತು ಎಂದರೆ ನೀವು ನಗುತ್ತೀರಿ. ನಮ್ಮ ಸೋದರಮಾವನನ್ನು ನೋಡಿಲ್ಲವಲ್ಲ, ಅದಕ್ಕೇ ನಗುತ್ತೀರಿ. ನೋಡಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದಿರಿ!

ಆಗ ನಿಜಾಮರ ಆಳ್ವಿಕೆ. ನಾನು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿ. ಮಾವ ರಾಯಚೂರಿನಲ್ಲಿ ಅಮೆರಿಕದ ಪಾದ್ರಿಯೊಬ್ಬರ ಬಂಗಲೆಯಲ್ಲಿ ಅಡುಗೆಯವನು. ಆ ಪಾದ್ರಿಯ ತಮ್ಮ ತನ್ನ ನಾಡಿನಲ್ಲಿ ಮೆಂಬರಂತೆ. ಇಡೀ ದೇಶಕ್ಕಲ್ಲ, ಅಲ್ಲಿನ ಒಂದು ರಾಜ್ಯದ ಸಭೆಗೆ. ಊರಲ್ಲಿ ಅವನದು ಕಾಳಿನ ಅಂಗಡಿ. ಪಾದ್ರಿಯ ಹೆಂಡತಿ, ಅಂದರೆ ದೊರೆಸಾನಿ, ಮಾವನಿಗೆ ಡಬಲ್ ರೊಟ್ಟಿ ಮಾಡುವುದನ್ನು ಕಲಿಸುತ್ತಾ ತನ್ನ ಮೈದುನನ ಸಮಾಚಾರ ಹೇಳುತ್ತಿದ್ದಳು. ಮಾವ ರೊಟ್ಟಿ ಕಲಿತನೋ ಬಿಟ್ಟನೋ, ಮೈದುನನನ್ನಂತೂ ಪೂರ್ತಿ ಕಲಿತ!

ರಜೆಗೆ ಮನೆಗೆ ಬಂದರೆ ಹೆತ್ತ ತಾಯಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಬೇಕೋ ಬೇಡವೋ? ಕೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವನೇ ಶುರು ಮಾಡುತ್ತಿದ್ದ.

"ನಮ್ಮ ಮೆಂಬರ್ ಈ ಸಲ ಹಳ್ಳಕ್ಕೊಂದು ಸೇತುವಿ ಕೇಳ್ಯಾನ."

"ಮೆಂಬರ್ ಅಂದ್ರ ರಾಜ ಏನ್ಲೇ?" ಅಂದಳು ಅಜ್ಜಿ.

"ಅಲ್ಲಬೇ ಯವ್ವಾ. ಮಂದಿ ಆರಿಸಿದವ. ಮನಿ ಮನಿ ಮುಂದ ನಿಂತು, ನನಗ ಓಟು ಹಾಕ್ರಿ, ನಿಮ್ಮ ಪರವಾಗಿ ಮಾತಾಡ್ತೀನಿ ಅಂತ ಕೇಳ್ತಾನ."

"ಬಾಗಲದಾಗ ನಿಂತು ಬೇಡಾವ ಅನ್ನು. ಅಂಥವ್ರು ನಮ್ಮ ಓಣ್ಯಾಗೂ ಬರ್ತಾರ."

ಹೀಗೆ ಅಂದ ಅಜ್ಜಿಯೇ ಮುಂದಿನ ಚುನಾವಣೆಯ ಹೊತ್ತಿಗೆ, ಮೆಂಬರ್ ಗೆದ್ದರೆ ಮಾರೆವ್ವನಿಗೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಳು. ಓಣಿಗೆ ಓಣಿಯೇ ಅವನ ಕಡೆ ಆಗಿತ್ತು. ನಮ್ಮ ತಾಲೂಕಿನ ತಹಶೀಲ್ದಾರರ ಮುಖ ನೋಡದ ಮಂದಿಗೆ ಆ ಕಾಳಿನಂಗಡಿಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದು ಗೊತ್ತಿತ್ತು!

ಮೆಂಬರ್ ಸೋತ. ಮಾರೆವ್ವನಿಗೆ ಅಮೆರಿಕದಲ್ಲಿ ಅಧಿಕಾರ ಇರಲಿಲ್ಲ ಅಂತ ಕಾಣುತ್ತದೆ. ಮಾವ ತಲೆಯ ಮೇಲೆ ಟವೆಲು ಹಾಕಿಕೊಂಡು ಊಟ ಬಿಟ್ಟು ಕೂತ. ಪಕ್ಕದ ಮನೆಯ ಕುರಿ ಕಾಯುವ ಮುದುಕ ಸಮಾಧಾನ ಹೇಳಲು ಬಂದ.

"ಸೋತವನ್ನ ಏನ್ ಮಾಡಿದ್ರೋ? ಜೇಲಿಗೆ ಹಾಕಿದ್ರೇನು?"

"ಇಲ್ಲೋ ಕಾಕಾ. ಮರುದಿನ ತಾನೇ ಗೆದ್ದವನ ಮನಿಗೆ ಹೋಗಿ ಕೈ ಕುಲುಕಿ ಬಂದನಂತ. ಆಮ್ಯಾಲ ಅಂಗಡಿ ತಗದು ಕಾಳು ತೂಗಾಕ ಕುಂತನಂತ."

"ಸುಳ್ಳು. ಅಷ್ಟು ದೊಡ್ಡ ದೇಶ ಹಂಗೆಲ್ಲ ನಡಿಯಾಂಗಿಲ್ಲ."

ಆಮೇಲೆ ಪಾದ್ರಿ, ದೊರೆಸಾನಿ ಇಬ್ಬರೂ ರಜೆಯ ಮೇಲೆ ತಮ್ಮ ದೇಶಕ್ಕೆ ಹೋದರು. ಅವರು ಬರುವವರೆಗೆ ಮಾವ ಮನೆಗೆ ಬಂದು ಬಿದ್ದ. ಸಮಾಚಾರ ಬರುವ ದಾರಿ ಮುಚ್ಚಿತು. ಕೆಲಸವಿಲ್ಲದ ಗಂಡಸನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಸಮಾಚಾರವಿಲ್ಲದ ನಮ್ಮ ಮಾವನನ್ನು ಇಟ್ಟುಕೊಳ್ಳುವುದು ಹೇಗೆ?

ಮಾವನ ಹೆಂಡತಿ, ನಮ್ಮ ಅತ್ತೆ, ಆಗ ಬಸುರಿ. ಮಾನ್ವಿ ಕಡೆಯ ಬಾಗಲವಾಡದ ಹೆಣ್ಣು ಅವಳು, ಗಟ್ಟಿ ಮೈ. ಆದರೆ ಹಿಂದಿನವು ಒಂದೂ ನಿಂತಿರಲಿಲ್ಲ. ಕೊಡ ಎತ್ತಬೇಡ ಎಂದು ಸೂಲಗಿತ್ತಿ ಕಟ್ಟುನಿಟ್ಟಾಗಿ ಹೇಳಿದ್ದಳು. ಹೇಳಿದರೆ ಕೊಡ ತಾನಾಗಿ ತುಂಬುತ್ತದೆಯೇ? ತಹಶೀಲ್ದಾರ್ ಕಚೇರಿಯ ಸಿಹಿನೀರ ಬಾವಿ ನಮ್ಮ ಓಣಿಗೆ ಅಂಟಿಕೊಂಡೇ ಇತ್ತು. ಆದರೆ ಅದರ ಬಾಗಿಲು ನಮ್ಮಂಥ ಕೂಲಿ ಮಂದಿಗೆ ತೆರೆಯುವುದಲ್ಲ. ನಾವು ಹಳ್ಳಕ್ಕಿಳಿದು, ಮರಳು ತೋಡಿ, ಒರತೆಯ ನೀರು ತುಂಬಿಕೊಂಡು ದಿಬ್ಬ ಹತ್ತಬೇಕು. ಅಜ್ಜಿಗೆ ಮೊಣಕಾಲು ನೋವು, ನನ್ನ ತಂಬಿಗೆಯಿಂದ ಮನೆ ನಡೆಯುವುದಿಲ್ಲ. ಗಂಡಸರು ತಲೆಯ ಮೇಲೆ ಕೊಡ ಹೊತ್ತರೆ ಮಾನ ಹೋಗುತ್ತಿತ್ತು. ಅತ್ತೆಗೆ ಕೂತುಕೋ ಎಂದರೆ ಒಂದೇ ಮಾತು: "ನಾ ಕುಂತ್ರ ಮಂದಿ ಏನಂತಾರ?"

ಒಂದು ಬೆಳಿಗ್ಗೆ ಮಾವ ಎದ್ದವನೇ ಓಣಿಗೆಲ್ಲ ಸಾರಿದ. "ನಮ್ಮ ಓಣಿಗೊಬ್ಬ ಮೆಂಬರ್ ಬೇಕು. ಬಾವಿ ಬಾಗಲ ತೆಗೀರಿ ಅಂತ ತಹಶೀಲ್ದಾರ್ ಸಾಹೇಬರಿಗೆ ಕೇಳಾಕ!"

"ನೀನೇ ಹೋಗಿ ಕೇಳು, ಯಾರು ಬ್ಯಾಡಂದ್ರು?" ಅಂದ ಮುದುಕ.

"ಹಂಗ ಹೋಗಾಕ ಬರಾಂಗಿಲ್ಲ ಕಾಕಾ. ಓಟು ಆಗಬೇಕು. ಓಟಿಗೆ ಇಬ್ಬರು ಬೇಕು."

ಎರಡನೆಯವರು ಯಾರು? ಈ ಹುಚ್ಚಿಗೆ ಯಾರೂ ಮುಂದೆ ಬರಲಿಲ್ಲ. ಮಾವ ಹೆಂಡತಿಯನ್ನೇ ಎಳೆದು ತಂದ.

"ಗಂಡನ ಎದುರಿಗೆ ನಾ ನಿಲ್ಲಬೇಕೇನು? ತಲಿ ನೆಟ್ಟಗ ಅದನ ನಿಂಗ?" ಅತ್ತೆ ಹರಿಹಾಯ್ದಳು.

"ನೀ ಸುಮ್ಮನ ಕುಂದ್ರು. ಮಂದಿ ಮನಿಗೆಲ್ಲ ನಾ ತಿರುಗ್ತೀನಿ."

ತಿರುಗಿದ. ಎಂಥ ಪ್ರಚಾರ ಅಂತೀರಿ! ಒಂದೊಂದು ಬಾಗಿಲಲ್ಲೂ ಕೈಮುಗಿದು ಹೇಳಿದ್ದು ಇಷ್ಟು: "ನನಗ ಓಟು ಹಾಕ್ರಿ. ಆದ್ರ ಖರೆ ಹೇಳ್ತೀನಿ, ನಾ ಎಂದೂ ನೀರು ಹೊತ್ತವನಲ್ಲ. ಆ ಕಷ್ಟ ಆಕಿಗೆ ಗೊತ್ತು." ಇಷ್ಟು ದಡ್ಡ ಹುರಿಯಾಳನ್ನು ನಾನು ಆಮೇಲೆ ಎಷ್ಟೋ ಚುನಾವಣೆಗಳಲ್ಲೂ ಕಂಡಿಲ್ಲ!

ಕಟ್ಟೆಯ ಮೇಲೆ ಎರಡು ಗಡಿಗೆ ಇಟ್ಟರು. ಹೆಂಗಸರೂ ಹಾಕಬೇಕು, ಅಮೆರಿಕದಲ್ಲಿ ಹಾಗೇ ಎಂದ ಮಾವ. ಎಲ್ಲರ ಕೈಗೂ ಒಂದೊಂದು ಹುಣಸೆ ಬೀಜ. ಅಜ್ಜಿ ಎಲ್ಲರಿಗೂ ಕಾಣುವ ಹಾಗೆ ತನ್ನ ಬೀಜವನ್ನು ಸೊಸೆಯ ಗಡಿಗೆಗೆ ಹಾಕಿದಳು.

"ಯವ್ವಾ, ನಾ ನಿನ್ನ ಮಗ!"

"ಗೊತ್ತೈತಿ. ನೀ ಬಂಗಲ್ಯಾಗ ಉಂಡೀ. ನನಗ ನೀರು ತಂದು ಕೊಟ್ಟಾಕಿ ಆಕಿ."

ಸೊಸೆಯ ಬಗ್ಗೆ ಅಜ್ಜಿಯ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಅದಕ್ಕೆ ಒಂದು ಚುನಾವಣೆಯೇ ಬೇಕಾಯಿತು ನೋಡಿ! ಅತ್ತೆ ಗೆದ್ದಳು. ಗೆಲುವೆಂದರೆ ಎಂಥದ್ದು, ಮಾವನ ಗಡಿಗೆ ಅಲುಗಾಡಿಸಿದರೆ ಸದ್ದೇ ಬರಲಿಲ್ಲ.

ಮರುದಿನ ಹಾಡಹಗಲೇ ಓಣಿಯ ನಡುವೆ ಮಾವ ಹೆಂಡತಿಯ ಕೈ ಹಿಡಿದು ಕುಲುಕಿದ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕನ ಕೈಯ ಬೀಡಿ ಕೆಳಗೆ ಬಿತ್ತು. "ಮಂದಿ ಮುಂದ ಹೆಂಡ್ತಿ ಕೈ ಹಿಡಿತೀಯಲೇ, ನಾಚಿಕಿಗೇಡಿ!" ಎಂದು ಅಜ್ಜಿ ಕೋಲು ಹುಡುಕಿದಳು. ಮಾವ ಅಷ್ಟಕ್ಕೇ ಬಿಡಲಿಲ್ಲ. ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಕೊಡ ಎತ್ತಿಕೊಂಡ.

"ಗೆದ್ದವ್ರು ಕಚೇರಿಗೆ ಹೋಗಬೇಕು. ಸೋತವ್ರು ಅವ್ರ ಮನಿ ನೀರು ಹೊರಬೇಕು. ಅಮೆರಿಕದಾಗ ಇದು ಕಾಯ್ದೆ."

ಕಾಯ್ದೆ ಎಂದ ಮೇಲೆ ಅಜ್ಜಿಯೂ ಕೋಲು ಹುಡುಕುವುದನ್ನು ಬಿಟ್ಟಳು. ಅವತ್ತಿನಿಂದ ದಿನಾ ಅದೇ ಮೆರವಣಿಗೆ. ನೀರು ಕುತ್ತಿಗೆಯಿಂದ ಇಳಿದು ಧೋತರ ತೊಯ್ದು ತಪ್ಪಡಿಯಾಗುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಕೊಡದಲ್ಲಿ ಅರ್ಧ, ಮಾವನ ಮೈಮೇಲೆ ಅರ್ಧ.

"ಏನೋ, ಅಮೆರಿಕದಾಗ ಸೋತವ್ರು ಸೀರಿನೂ ಉಡ್ತಾರೇನು?" ಎಂದು ಗಂಡಸರು ಕೂಗುತ್ತಿದ್ದರು.

"ಇನ್ನೊಮ್ಮೆ ಸೋತ್ರ ಅದನ್ನೂ ಉಡ್ತೀನಲೇ!"

ಅತ್ತೆ ಬೆಳಿಗ್ಗೆ ಕಚೇರಿಗೆ ಹೋಗಿ ಬೇವಿನ ನೆರಳಿನಲ್ಲಿ ಕೂರುತ್ತಿದ್ದಳು. ಜೊತೆಗೆ ನಾನು. ಒಮ್ಮೆ ಜವಾನ ಬಂದು, ನೋಡೋಣ ಅಂದಿದ್ದಾರೆ ಸಾಹೇಬರು, ಎಂದ.

"ನೋಡ್ಲಿ. ಅಲ್ಲೀತನಕ ನಾ ಇಲ್ಲೇ ಕುಂತಿರ್ತೀನಿ, ನನ್ನೂ ನೋಡ್ಲಿ," ಎಂದಳು ಅತ್ತೆ. ಕಾಲು ಚಾಚಿ ಕಾಂಡಕ್ಕೆ ಬೆನ್ನು ಕೊಟ್ಟಳು. ಹಾಗೆ ಕೂತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ದಿನ ತುಂಬುವವರೆಗೆ ಬಂದು ಹೀಗೇ ಕೂತಳು. ಕೊನೆಗೆ ತಹಶೀಲ್ದಾರರಿಗೆ ಬೇಸರ ಬಂತೋ ಕರುಣೆ ಬಂತೋ, ಬೆಳಗಿನ ಹೊತ್ತು ಬಾವಿಯ ಬಾಗಿಲು ತೆರೆಯಿತು.

ಹೆಣ್ಣು ಕೂಸು ಹುಟ್ಟಿತು. ಓಣಿಯ ಕೊನೆಗೂ ಕೇಳುವ ಹಾಗೆ ಅತ್ತಿತು. ಬಾಣಂತಿಗೆ ಎರೆಯುವ ನೀರನ್ನು ಮಾವನೇ ಕಾಯಿಸಿ ಹೊತ್ತು ತರುತ್ತಿದ್ದಾಗ ನಾನು ಬಾಗಿಲಲ್ಲಿ ಅಡ್ಡ ನಿಂತೆ.

"ಮಾವಾ, ಆ ಮೆಂಬರೂ ಗೆದ್ದವನ ಮನಿಗೆ ನೀರು ಹೊತ್ತನೇನು?"

ಮಾವ ಹಿಂದೆ ಮುಂದೆ ನೋಡಿ ದನಿ ಇಳಿಸಿದ. "ಇಲ್ಲಬೇ. ಅಂಥ ಕಾಯ್ದೆ ಅಲ್ಲೂ ಇಲ್ಲ."

"ಮತ್ತ?"

"ಗಂಡ ಅಂತ ಹೊತ್ತಿದ್ರ ಮಂದಿ ನಿಮ್ಮತ್ತಿನ ಬೈತಿದ್ರು. ಸೋತವ ಅಂತ ಹೊತ್ತೆ, ನನ್ನ ನೋಡಿ ನಕ್ರು. ನಗಲಿ ಬಿಡು. ಸರಿ ಅತ್ತಾಗ, ನೀರು ಆರ್ತದ."